ಜಮಾ-ಖರ್ಚಿನ ಪುಸ್ತಕವೂ ಪ್ರಬಂಧವೇ

ಕಾಲೇಜು ಸೀಟೆಂದರೆ ನಮಗೆ ಗೊತ್ತಿರುವುದು ಅಂಕಪಟ್ಟಿ ಮತ್ತು ಸಿಇಟಿ. ಈಗ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ‘ನಿನ್ನ ಬಗ್ಗೆ ನೀನೇ ಬರೆ’ ಎಂದೂ ಕೇಳುತ್ತವೆ. ಅಮೆರಿಕದ ನೂರಾರು ಕಾಲೇಜುಗಳಿಗೆ ಸಲ್ಲುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಇದಕ್ಕೆ 250ರಿಂದ 650 ಪದಗಳ ಜಾಗವಿದೆ.

ಕೊಳ್ಳೇಗಾಲದ ನನ್ನ ತಂಗಿಯ ಮಗಳು ಇಂಥದೊಂದು ಅರ್ಜಿ ಹಾಕಿದಳು. ಮನೆಯಲ್ಲಿ ರೇಷ್ಮೆ ಮಗ್ಗವಿದೆ. ಹುಡುಗಿ ತನ್ನ ಕಥೆಯನ್ನು ಜಮಾ-ಖರ್ಚಿನ ಪುಸ್ತಕದಂತೆ ಬರೆದಿದ್ದಳು. ಖರ್ಚು: ಕಂಡಿಕೆ ಸುತ್ತಿದ ಮೂರು ಗಂಟೆ. ಜಮಾ: ಅಮ್ಮ ಬಳೆ ಅಡವಿಟ್ಟು ತಂದ ಪುಸ್ತಕ. ಬಾಕಿ: ಅಪ್ಪನಿಗೆ ಇನ್ನೂ ಹೇಳದ ಒಂದು ಮಾತು.

ತಿದ್ದಿಕೊಡುವ ಮೇಷ್ಟ್ರು ನಕ್ಕರು. “ಇದೇನಮ್ಮಾ, ಅಂಗಡಿ ಲೆಕ್ಕ?” ಎಂದು ಒಂದು ಮಾದರಿ ಕೊಟ್ಟರು. ಅದರಲ್ಲಿ ಬಾಲ್ಯದ ಕನಸು, ದೇಶಸೇವೆ, ಗುರಿ ಎಲ್ಲವೂ ಇದ್ದವು.

“ದೊಡ್ಡಮ್ಮ, ಇದ್ರಲ್ಲಿ ನಾನೆಲ್ಲಿದ್ದೀನಿ?” ಎಂದಳು.

“ದೊಡ್ಡೋರು ಹೇಳ್ದಂಗೆ ಬರಿ ಕಣವ್ವ” ಎಂದವಳು ನಾನೇ.

ಸಂದರ್ಶನದಲ್ಲಿ ಆ ‘ದೇಶಸೇವೆ’ಯ ಬಗ್ಗೆಯೇ ಕೇಳಿದರಂತೆ. ಹುಡುಗಿಗೆ ಬಾಯಿ ಬರಲಿಲ್ಲ. ಸೀಟೂ ಸಿಗಲಿಲ್ಲ. ಪ್ರಬಂಧದಿಂದಲೇ ಹೀಗಾಯಿತೆನ್ನಲಾರೆ. ಆದರೆ ಅವಳು ಸೋತದ್ದು ಇನ್ನೊಬ್ಬರ ಮಾತು ಹೊತ್ತುಕೊಂಡು ಹೋಗಿ ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಪ್ರಬಂಧಕ್ಕೆ ಒಂದೇ ರೂಪವೆಂದು ಹೇಳಿದವರಾರು? ನಮ್ಮ ಯಳಂದೂರಿನ ಸಂಚಿಯ ಹೊನ್ನಮ್ಮ 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು. ‘ಹದಿಬದೆಯ ಧರ್ಮ’ ಬರೆಯಲು ಕುಳಿತಾಗ ಪಂಡಿತರ ಚಂಪುವಿಗೆ ಕೈಚಾಚಲಿಲ್ಲ. ಹಾಡಿಗೆ ಒಗ್ಗುವ ಸಾಂಗತ್ಯವನ್ನು ಆರಿಸಿಕೊಂಡಳು. ಪತಿವ್ರತೆಯ ಧರ್ಮ ಹೇಳುತ್ತಲೇ, ಹೆಣ್ಣನ್ನು ಹಳಿಯುವವರನ್ನು ಅದೇ ಕಾವ್ಯದಲ್ಲಿ ಪ್ರಶ್ನಿಸಿದಳು. ಅವಳಿಗೊಬ್ಬ ಮೇಷ್ಟ್ರು ಮಾದರಿ ಕೊಟ್ಟಿದ್ದರೆ ಆ ಪ್ರಶ್ನೆ ಉಳಿಯುತ್ತಿತ್ತೇ?

ಹಾಗೆಂದು ಹೊಸ ರೂಪವೆಲ್ಲ ಒಳ್ಳೆಯದೆಂದಲ್ಲ. ಹನೂರಿನ ಕಡೆಯ ಹುಡುಗಿಯೆಂದ ಮಾತ್ರಕ್ಕೆ, ಕಂಸಾಳೆ ಮುಟ್ಟಿಯೂ ನೋಡದವಳಿಂದ ಕಂಸಾಳೆ ಪದ ಬರೆಸಿದರೆ ಅದೂ ವೇಷವೇ. ಮಾದಪ್ಪನ ಪದ ಕೇಳುತ್ತ ಬೆಳೆದವಳಾದರೆ ಬರೆಯಲಿ. ಅಡುಗೆ ಮಾಡುವವಳು ಅಡುಗೆಯ ಕ್ರಮದಲ್ಲಿ ಬರೆಯಲಿ. ಅಜ್ಜಿಗೆ ಹೇಳಿಕೊಳ್ಳುವವಳು ಕಾಗದದ ರೂಪದಲ್ಲಿ ಬರೆಯಲಿ. ಕೇಳಿದ ಪ್ರಶ್ನೆಗೆ ಉತ್ತರವಿರಬೇಕು, ಪದಗಳ ಮಿತಿ ಮೀರಬಾರದು, ಅಷ್ಟೆ.

“ಅವರಿಗೆ ಹಿಡಿಸದಿದ್ದರೆ?” ಎಂದು ಹೆದರುವ ತಾಯಂದಿರಿದ್ದಾರೆ. ನಾನೂ ಹೆದರಿದವಳೇ. ನೂರು ಜನ ಒಂದೇ ಮಾದರಿ ನಕಲು ಮಾಡಿದರೆ ಅದು ಹಿಡಿಸುತ್ತದೆಂದು ಯಾರು ಕಂಡಿದ್ದಾರೆ? ಕಾಗುಣಿತ ತಪ್ಪಿದ್ದರೆ ತಿದ್ದೋಣ. ಮಿಕ್ಕದ್ದು ಹುಡುಗಿಗೆ ಬಿಟ್ಟದ್ದು.

ಆ ಲೆಕ್ಕದ ಹಾಳೆಯನ್ನು ತಂಗಿ ಬೀರುವಿನಲ್ಲಿ ಇಟ್ಟುಕೊಂಡಿದ್ದಾಳೆ. ಈ ವರ್ಷ ಹುಡುಗಿ ಮತ್ತೆ ಅರ್ಜಿ ಹಾಕುತ್ತಾಳೆ. ಈ ಸಲ ಅದೇ ಹಾಳೆ ಹೋಗಲಿ.