ದೋಣಿ ಒಬ್ಬನದು, ದಡ ಎಲ್ಲರದು

ವಿಹಾರನೌಕೆಗಳ ಸಂಘ, ಎಂದರೆ ಯಾಟ್ ಕ್ಲಬ್, ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಬರೆಯುವ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು. ಹೊಳೆಯುವ ಗುಂಡಿಗಳ ನೀಲಿ ಕೋಟು, ಶುಭ್ರವಾದ ಬಿಳಿಯ ಷರಾಯಿ, ಹಸಿರು ಹುಲ್ಲಿನ ಮೇಲೆ ಬೆತ್ತದ ಕುರ್ಚಿ, ಕುರ್ಚಿಯ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ಪರಿಚಾರಕ. ದೂರದ ನೀರಿನಲ್ಲಿ ಹಂಸಗಳಂತೆ ತೇಲುವ ಹಾಯಿಗಳು. ದುಡಿಮೆ ಆಳುಗಳ ಪಾಲು, ಗಾಳಿ ಧಣಿಗಳ ಪಾಲು ಎಂಬ ಏರ್ಪಾಡು ಅಲ್ಲಿ ಸೃಷ್ಟಿಯ ಮೊದಲಿನಿಂದಲೂ ಇದ್ದಂತೆ ತೋರುತ್ತದೆ.

ಈ ಚಿತ್ರವನ್ನು ನಂಬಿಕೊಂಡು, ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗ್ಗೆ, ಇಂಗ್ಲೆಂಡಿನ ಪೂರ್ವ ಕರಾವಳಿಯ ಯಾವುದಾದರೊಂದು ಸಣ್ಣ ಸಂಘದ ಬಾಗಿಲಿಗೆ ಹೋದವನು, ವಿಳಾಸ ತಪ್ಪಿತೆಂದು ಹಿಂತಿರುಗಿದರೆ ಸೋಜಿಗವಿಲ್ಲ. ಹರಿದ ಅಂಗಿ ತೊಟ್ಟ ದಂತವೈದ್ಯರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ತುಕ್ಕು ಹಿಡಿದ ಸರಪಳಿಯನ್ನು ಎಳೆಯುತ್ತಿರುತ್ತಾರೆ. ಶಾಲೆಯ ಉಪಾಧ್ಯಾಯಿನಿಯೊಬ್ಬರು ಕಿಟಕಿಯ ಚೌಕಟ್ಟಿಗೆ ಬಣ್ಣ ಬಳಿಯುತ್ತಿರುತ್ತಾರೆ. ಬ್ಯಾಂಕಿನ ಅಧಿಕಾರಿಗಳು ಚರಂಡಿಯ ಕಸವನ್ನು ಎತ್ತುತ್ತಿದ್ದರೆ, ಅವರಿಗೆ ಅಪ್ಪಣೆ ಕೊಡುತ್ತಿರುವಾತ ಅವರದೇ ಬೀದಿಯ ನಲ್ಲಿ ರಿಪೇರಿಯವನು. ಯಾರಿಗೂ ಕೂಲಿಯಿಲ್ಲ. ಮಧ್ಯಾಹ್ನಕ್ಕೊಂದು ಬಿಸಿಯಾದ ಸೂಪು, ಬ್ರೆಡ್ಡಿನ ತುಂಡು, ಬೇಕಾದಷ್ಟು ಚಹ, ಇಷ್ಟೇ ಸಂಭಾವನೆ.

ಇಂಥ ದಿನಕ್ಕೆ ಇಂಗ್ಲೆಂಡಿನಲ್ಲಿ ‘ವರ್ಕ್ ಪಾರ್ಟಿ’ ಎಂದು ಹೆಸರು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ‘ವರ್ಕಿಂಗ್ ಬೀ’ ಎನ್ನುತ್ತಾರೆ. ಹೆಸರು ಪರದೇಶದ್ದಾದರೂ ಪದ್ಧತಿ ಕನ್ನಡದ ಒಕ್ಕಲಿಗನಿಗೆ ಅಪರಿಚಿತವಲ್ಲ. ನಾಟಿಯ ಕಾಲದಲ್ಲಿ ಇಂದು ನಿನ್ನ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀನು ಎಂಬ ಮುಯ್ಯಾಳಿನ ಲೆಕ್ಕವನ್ನು ಅವನು ತಲತಲಾಂತರದಿಂದ ಬಲ್ಲ. ಭೇದವಿಷ್ಟೆ: ಅಲ್ಲಿ ಹೊಟ್ಟೆಯ ಪ್ರಶ್ನೆ, ಇಲ್ಲಿ ವಿನೋದದ ಪ್ರಶ್ನೆ. ವಿನೋದಕ್ಕಾಗಿ ಕೂಡಿದವರು ಕೆಸರಿಗೆ ಇಳಿದುದು ಹೇಗೆಂಬುದೇ ವಿಚಾರಮಾಡತಕ್ಕ ಸಂಗತಿ.

‘ಯಾಟ್’ ಎಂಬ ಶಬ್ದ ಡಚ್ ಭಾಷೆಯದು. ಬೇಟೆ ಎಂಬ ಅರ್ಥದ ಮಾತಿನಿಂದ ಬಂದದ್ದು. ದೇಶಭ್ರಷ್ಟನಾಗಿದ್ದ ಎರಡನೆಯ ಚಾರ್ಲ್ಸ್ 1660ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೆ ಮರಳಿದಾಗ ಡಚ್ಚರು ಅವನಿಗೆ ‘ಮೇರಿ’ ಎಂಬ ನೌಕೆಯನ್ನು ಕಾಣಿಕೆಯಿತ್ತರು. ಮರುವರ್ಷವೇ ಅರಸನೂ ಅವನ ತಮ್ಮನೂ ನೂರು ಪೌಂಡಿನ ಪಣವೊಡ್ಡಿ ಥೇಮ್ಸ್ ನದಿಯಲ್ಲಿ ನೌಕೆಗಳ ಪಂದ್ಯವಾಡಿದರು. 1720ರಲ್ಲಿ ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ ಮೊದಲ ಜಲವಿಹಾರ ಸಂಘ ಹುಟ್ಟಿತು. 1815ರಲ್ಲಿ ಲಂಡನ್ನಿನ ಶ್ರೀಮಂತರು ಕೂಡಿ ಕಟ್ಟಿದ ಸಂಘ ಮುಂದೆ ‘ರಾಯಲ್ ಯಾಟ್ ಸ್ಕ್ವಾಡ್ರನ್’ ಎಂದು ಪ್ರಸಿದ್ಧವಾಯಿತು. ಇವೆಲ್ಲ ದೊರೆಗಳ ಆಟ. ಹಗ್ಗವೆಳೆಯಲು, ತಳ ಉಜ್ಜಲು ಎಸೆಕ್ಸ್ ಸೀಮೆಯ ಹಳ್ಳಿಗಳಿಂದ ಬೆಸ್ತರು ಬರುತ್ತಿದ್ದರು. ಚಳಿಗಾಲದಲ್ಲಿ ತಮ್ಮ ಬಲೆ, ಬೇಸಗೆಯಲ್ಲಿ ಧಣಿಗಳ ಹಾಯಿ; ಹೀಗೆ ಅವರ ವರ್ಷ ಸಾಗುತ್ತಿತ್ತು.

ಸಂಬಳದ ಕೈಗಳನ್ನು ನೆಚ್ಚಿದ ಈ ವ್ಯವಸ್ಥೆ ಎಷ್ಟು ನಾಜೂಕಾದುದೆಂಬುದು 1934ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಆ ವರ್ಷ ಅಮೆರಿಕಾಸ್ ಕಪ್ ಗೆಲ್ಲಲೆಂದು ವಿಮಾನ ತಯಾರಕ ಸಾಪ್‌ವಿತ್ ‘ಎಂಡೆವರ್’ ಎಂಬ ಭವ್ಯ ನೌಕೆಯನ್ನು ಸಿದ್ಧಪಡಿಸಿದ್ದ. ಹೊರಡುವ ಹೊತ್ತಿಗೆ ವೇತನದ ವಿಷಯದಲ್ಲಿ ಮನಸ್ತಾಪವಾಗಿ ಹಲವು ನಾವಿಕರು ಹಡಗು ಬಿಟ್ಟು ಇಳಿದರು. ಅವರ ಸ್ಥಾನಕ್ಕೆ ಹವ್ಯಾಸಿಗಳು ಬಂದರು. ಮೊದಲ ಎರಡು ಪಂದ್ಯಗಳನ್ನು ಗೆದ್ದ ‘ಎಂಡೆವರ್’ ಮುಂದಿನ ನಾಲ್ಕನ್ನೂ ಸೋತಿತು. ಸೋಲಿಗೆ ಕಾರಣ ಯಾವುದೆಂದು ಬಲ್ಲವರು ಇನ್ನೂ ಚರ್ಚಿಸುತ್ತಾರೆ. ಆದರೆ ಕೂಲಿಯ ಕೈಗಳಿಂದಲೇ ನಡೆಯುವ ವಿನೋದ ಕೂಲಿಯೊಂದಿಗೇ ನಿಂತುಹೋಗಬಹುದು ಎಂಬ ಪಾಠ ಮಾತ್ರ ಸ್ಪಷ್ಟವಾಗಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪರಿಸ್ಥಿತಿ ತಲೆಕೆಳಗಾಯಿತು. ಯುದ್ಧಕಾಲದಲ್ಲಿ ಸುಧಾರಿಸಿದ ಅಂಟುಗಳೂ ನೀರಿಗೆ ಬಿಚ್ಚದ ಪ್ಲೈವುಡ್ಡೂ ಸಾಮಾನ್ಯರ ಕೈಗೆ ಸಿಕ್ಕವು. ಜ್ಯಾಕ್ ಹೋಲ್ಟ್ ಎಂಬ ಜಾಣ, ಮನೆಯಲ್ಲಿಯೇ ಕಟ್ಟಬಹುದಾದ ದೋಣಿಗಳ ನಕ್ಷೆ ಹಾಕುತ್ತ ಹೋದ. 1956ರಲ್ಲಿ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಯ ನೆರವಿನಿಂದ ನೀಲಿ ಹಾಯಿಯ ‘ಎಂಟರ್‌ಪ್ರೈಸ್’ ಬಂದಿತು. 1963ರಲ್ಲಿ ‘ಡೈಲಿ ಮಿರರ್’ ಪತ್ರಿಕೆಯ ಹೆಸರನ್ನೇ ಹೊತ್ತು ಕೆಂಪು ಹಾಯಿಯ ‘ಮಿರರ್’ ಬಂದಿತು. ಹಲಗೆಗಳನ್ನು ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದು, ಸಂದುಗಳಿಗೆ ಗಾಜಿನ ನೂಲಿನ ಪಟ್ಟಿಯನ್ನೂ ರಾಳವನ್ನೂ ಮೆತ್ತಿದರೆ ದೋಣಿ ಸಿದ್ಧ. ಬೆಲೆ 63 ಪೌಂಡು 11 ಷಿಲಿಂಗ್. ಹನ್ನೊಂದು ಅಡಿಗೂ ತುಸು ಕಡಮೆಯಾದ ಈ ಪುಟ್ಟ ದೋಣಿಗಳು ಎಪ್ಪತ್ತು ಸಾವಿರಕ್ಕೂ ಮಿಕ್ಕಿ ನಿರ್ಮಾಣವಾದವು. ಗುಮಾಸ್ತನೂ ಉಪಾಧ್ಯಾಯನೂ ನೌಕೆಯ ಒಡೆಯರಾದರು. ಒಡೆಯರಾದರು ನಿಜ, ಆಳು ಇಡುವ ಶಕ್ತಿ ಮಾತ್ರ ಅವರಿಗಿರಲಿಲ್ಲ. ಆದುದರಿಂದ ದೋಣಿಯನ್ನು ಮನೆಯ ಹಿತ್ತಿಲಲ್ಲಿ ಕಟ್ಟಿದಂತೆಯೇ ಸಂಘದ ಮನೆಯನ್ನೂ, ದೋಣಿ ಇಳಿಸುವ ಇಳಿಜಾರನ್ನೂ, ಕಟ್ಟೆಯನ್ನೂ ಕೈಯಾರೆ ಕಟ್ಟಿಕೊಂಡರು. ಶ್ರಮದಾನದ ದಿನ ಬಡತನದಲ್ಲಿ ಹುಟ್ಟಿತು. ಆದರೆ ಬೆಳೆದುದು ಅಭಿಮಾನದಲ್ಲಿ.

ದೋಣಿಗೆ ಇಷ್ಟೊಂದು ಉಪಚಾರವೇಕೆ ಎಂದು ಕೇಳುವವರು ಸಮುದ್ರದ ಸ್ವಭಾವವನ್ನು ಅರಿಯಬೇಕು. ಉಪ್ಪುನೀರು ಯಾವುದನ್ನೂ ಸುಮ್ಮನೆ ಬಿಡುವುದಿಲ್ಲ. ಕೆಲವೇ ವಾರಗಳಲ್ಲಿ ದೋಣಿಯ ತಳಕ್ಕೆ ಪಾಚಿ ಹತ್ತುತ್ತದೆ. ಹಿಂದೆಯೇ ಬಾರ್ನಕಲ್ ಎಂಬ ಸುಣ್ಣದ ಕವಚದ ಜೀವಿಗಳು ಬಂದು ಬೀಡುಬಿಡುತ್ತವೆ. ಮರವಾದರೆ ಕೊರೆಯುವ ಹುಳುವಿನ ಕಾಟ ಬೇರೆ. ಇದನ್ನು ತಡೆಯಲು ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಗೆ ತಾಮ್ರದ ತಗಡು ಹೊದಿಸಿತು. ಹುಳು ದೂರವಾಯಿತು; ಆದರೆ ತಾಮ್ರದ ಸಹವಾಸದಿಂದ ಕಬ್ಬಿಣದ ಮೊಳೆಗಳು ಕರಗಿಹೋದವು. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ತಾಮ್ರವನ್ನು ಉಳಿಸಲು ಅದಕ್ಕೆ ಸತು, ಕಬ್ಬಿಣಗಳ ತುಂಡನ್ನು ಜೋಡಿಸುವ ಉಪಾಯ ತೋರಿಸಿದ. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗುವುದು ನಿಂತೊಡನೆ ಅದರ ವಿಷವೂ ನಿಂತು, ಪಾಚಿ, ಚಿಪ್ಪುಗಳು ಮತ್ತೆ ಹತ್ತಿದವು! ಆ ಉಪಾಯ ಬೇರೊಂದು ರೂಪದಲ್ಲಿ ಇಂದಿಗೂ ಬಾಳುತ್ತಿದೆ. ದೋಣಿಯ ತಳದ ಸತುವಿನ ತುಂಡು ತಾನು ಸವೆದು ಕಂಚಿನ ಚಕ್ರವನ್ನು ಕಾಯುತ್ತದೆ. ಅದನ್ನು ಕಾಲಕಾಲಕ್ಕೆ ಪರೀಕ್ಷಿಸಿ ಬದಲಾಯಿಸದಿದ್ದರೆ ಸಮುದ್ರ ಮುಂದಿನ ತುತ್ತಿಗೆ ಕೈಹಾಕುತ್ತದೆ.

ಬಣ್ಣದ ಕಥೆಯೂ ಅಷ್ಟೇ ಬೋಧಪ್ರದ. ಒಂದು ಕಾಲದಲ್ಲಿ ತವರದ ಸಂಯುಕ್ತ ಸೇರಿಸಿದ ಬಣ್ಣವೇ ರಾಮಬಾಣವೆನಿಸಿತ್ತು. ಆದರೆ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಗಿ ಬೆಳೆಯತೊಡಗಿತು. ತಪ್ಪು ಬಣ್ಣದ್ದೆಂದು ಗೊತ್ತಾಯಿತು. 1982ರಲ್ಲಿ ಫ್ರಾನ್ಸೂ 1987ರಲ್ಲಿ ಬ್ರಿಟನ್ನೂ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿದವು. 2008ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೇ ಜಾರಿಗೆ ಬಂದಿತು. ಇಂದಿಗೂ ಬಳಸುವ ತಾಮ್ರದ ಬಣ್ಣ ನಿರುಪದ್ರವಿಯಲ್ಲ. ಅದಕ್ಕಾಗಿಯೇ ತಿಳಿವಳಿಕೆಯುಳ್ಳ ಸಂಘಗಳಲ್ಲಿ ಹಳೆಯ ಬಣ್ಣವನ್ನು ಕೆರೆಯುವವರು ಮೂಗಿಗೆ ಮುಸುಕು ಕಟ್ಟಿ, ಕೆಳಗೆ ಹಾಳೆ ಹಾಸಿ, ಒದ್ದೆಮಾಡಿ ಉಜ್ಜುತ್ತಾರೆ. ಉದುರಿದ ಪುಡಿಯನ್ನು ನೀರಿಗೆ ಬಿಡದೆ ಗುಡಿಸಿ ಕಟ್ಟುತ್ತಾರೆ.

ಇವೆಲ್ಲ ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸವೊಂದಿದೆ, ಸಂಘದ ಪ್ರಾಣ ಇರುವುದು ಅಲ್ಲಿ. ನದೀಮುಖದಲ್ಲಿ ತೇಲುವ ಪ್ರತಿಯೊಂದು ದೋಣಿಯನ್ನೂ ಕೆಸರಿನಲ್ಲಿ ಹೂತ ಒಂದು ಭಾರವಾದ ಕಲ್ಲೋ ಕಬ್ಬಿಣವೋ ಹಿಡಿದಿರುತ್ತದೆ. ಅದರಿಂದ ಸರಪಳಿ, ಸರಪಳಿಯಿಂದ ತೇಲುಬುರುಡೆ, ಬುರುಡೆಯಿಂದ ದೋಣಿ. ಉಬ್ಬರಕ್ಕೆ ಮೇಲೇಳುತ್ತ, ಇಳಿತಕ್ಕೆ ನೆಲಕ್ಕೊರಗುತ್ತ, ಅಲೆಯಲೆಗೂ ಮರಳನ್ನು ಉಜ್ಜುತ್ತ ಇರುವ ಸರಪಳಿ, ನೆಲವನ್ನು ಬಿಟ್ಟೇಳುವ ಸ್ಥಳದಲ್ಲಿಯೇ ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಶ್ರಮದಾನದ ದಿನ ನೀರಿಳಿದಾಗ ಅದನ್ನು ಮೇಲೆತ್ತಿ, ಒಂದೊಂದು ಕೊಂಡಿಯ ದಪ್ಪವನ್ನೂ ಅಳೆದು, ಸವೆದುದನ್ನು ತೆಗೆದು ಹೊಸದನ್ನು ಕೂಡಿಸುತ್ತಾರೆ. ಕೊಂಡಿಯನ್ನು ಬಿಗಿದ ಮೇಲೆ ಅದರ ತಿರುಪು ಅಲುಗಾಡಿ ಬಿಚ್ಚದಂತೆ ತಂತಿಯ ಸುತ್ತು ಹಾಕುವುದೊಂದು ಕಟ್ಟಕಡೆಯ ಕೆಲಸ. ಎರಡು ನಿಮಿಷದ್ದು, ಕೈ ಮರಗಟ್ಟಿದ್ದರೆ ಮರೆತುಬಿಡಬಹುದಾದದ್ದು. ಅದನ್ನು ಮರೆತರೆ, ಮುಂದೊಂದು ಬಿರುಗಾಳಿಯ ರಾತ್ರಿ ಒಬ್ಬನ ದೋಣಿ ಕಟ್ಟು ಕಿತ್ತು, ತಾನು ಮುರಿಯುವುದಲ್ಲದೆ ಪಕ್ಕದ ನಾಲ್ಕನ್ನು ಮುರಿಯುತ್ತದೆ. ಆ ದೋಣಿಯಲ್ಲಿ ಮಕ್ಕಳು ಮಲಗಿದ್ದರೆ ಆಗುವ ಅನಾಹುತಕ್ಕೆ ಬೆಲೆ ಕಟ್ಟುವವರಿಲ್ಲ.

ಸ್ವಭಾವಗಳ ಪರೀಕ್ಷೆ ನಡೆಯುವುದು ಕ್ರೇನಿನ ದಿನ. ಅಕ್ಟೋಬರಿನಲ್ಲಿ ದೋಣಿಗಳನ್ನು ನೀರಿನಿಂದ ಎತ್ತಬೇಕು, ಏಪ್ರಿಲಿನಲ್ಲಿ ಮರಳಿ ಇಳಿಸಬೇಕು. ಕ್ರೇನಿನ ಬಾಡಿಗೆ ದುಬಾರಿಯಾದ್ದರಿಂದ ಎಲ್ಲರದನ್ನೂ ಒಟ್ಟಿಗೆ ಮುಗಿಸಬೇಕು. ಗಡಿಯಾರ ಇಲ್ಲಿ ಮನುಷ್ಯನ ಕೈಯಲ್ಲಿಲ್ಲ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ನೀರು ತುಂಬಿದ ಕೆಲವು ಗಂಟೆಗಳಷ್ಟೇ ಅವಕಾಶ. ಕ್ರೇನು ನಡೆಸುವವನು ಕೂಲಿಯ ತಜ್ಞ. ಅವನಿಗೆ ಸನ್ನೆ ಮಾಡುವವನು ಒಬ್ಬನೇ ಇರಬೇಕೆಂಬುದು ಕಟ್ಟುನಿಟ್ಟಾದ ನಿಯಮ. ಮಿಕ್ಕವರು ದೋಣಿಯ ಹಿಂದುಮುಂದಿನ ಹಗ್ಗ ಹಿಡಿಯುತ್ತಾರೆ, ಎತ್ತುವ ಪಟ್ಟಿಗಳು ಚುಕ್ಕಾಣಿಗೆ ತಗಲದಂತೆ ನೋಡುತ್ತಾರೆ, ದಡದಲ್ಲಿ ಆಸರೆಗಂಬಗಳನ್ನು ಊರುತ್ತಾರೆ. ಮೊದಲು ಎತ್ತಿದ್ದು ಯಾರ ದೋಣಿಯೋ ಅವನು ತನ್ನ ಕೆಲಸ ಮುಗಿಯಿತೆಂದು ಮನೆಗೆ ನಡೆದರೆ, ಸಂಜೆಯ ಚಳಿಯಲ್ಲಿ ಕಡೆಯ ದೋಣಿಯ ಹಗ್ಗ ಹಿಡಿಯುವವರಾರು? ಯಾವ ನಿಯಮಾವಳಿಯೂ ಇದಕ್ಕೆ ಪೂರ್ತಿಯಾಗಿ ಉತ್ತರ ಕೊಡಲಾರದು. ಮೊದಲಿನವನು ಕಡೆಯವರೆಗೆ ನಿಲ್ಲುವುದೇ ಉತ್ತರ.

ಎಲ್ಲರೂ ನಿಲ್ಲುವುದಿಲ್ಲವೆಂಬುದೂ ನಿಜ. ಇಂಥ ಸಂಘಗಳಲ್ಲಿ ಮತ್ತೆ ಮತ್ತೆ ಏಳುವ ಜಗಳ ಇದೊಂದೇ. “ಬಾರದವರು ದಂಡ ತೆರಲಿ” ಎನ್ನುವವರು ಒಂದು ಕಡೆ. “ದಂಡವನ್ನು ತೆತ್ತೆವಲ್ಲ, ಇನ್ನೇಕೆ ಬರಬೇಕು?” ಎನ್ನುವವರು ಇನ್ನೊಂದು ಕಡೆ. ಕೆಲವು ಸಂಘಗಳು ವರ್ಷಕ್ಕೆ ಇಷ್ಟು ದಿನವೆಂದು ಗೊತ್ತುಮಾಡಿ, ಚಂದಾದೊಂದಿಗೆ ಹೆಚ್ಚಿನ ಹಣ ಕಟ್ಟಿಸಿಕೊಂಡು, ದುಡಿದವರಿಗೆ ಹಿಂದಿರುಗಿಸುತ್ತವೆ. ಕೆಲವು ಎಲ್ಲವನ್ನೂ ಮನಸ್ಸಾಕ್ಷಿಗೆ ಬಿಡುತ್ತವೆ. ದಂಡದ ಪದ್ಧತಿಯಲ್ಲಿರುವ ಅಪಾಯವೆಂದರೆ, ಕರ್ತವ್ಯಕ್ಕೆ ಒಂದು ಬೆಲೆಯ ಚೀಟಿ ಅಂಟಿಸಿದೊಡನೆ ಅದು ಸರಕಾಗುತ್ತದೆ. ಹಣವುಳ್ಳವನು ಅದನ್ನು ಕೊಂಡು ನಿಶ್ಚಿಂತನಾಗುತ್ತಾನೆ. ಹಣವಿಲ್ಲದವನು ಮಾತ್ರ ಕೆಸರಿಗಿಳಿಯುತ್ತಾನೆ. ಆಗ ಧಣಿ ಮತ್ತು ಆಳು ಎಂಬ ಹಳೆಯ ಭೇದವೇ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಹಾಗೆಂದು ಬಾರದವರೆಲ್ಲರೂ ಸೋಮಾರಿಗಳಲ್ಲ. ಶನಿವಾರವೂ ಆಸ್ಪತ್ರೆಯಲ್ಲಿ ದುಡಿಯುವ ದಾದಿಗೆ, ಎಳೆಗೂಸಿನ ತಾಯಿಗೆ, ಸೊಂಟ ನೋವಿನ ವೃದ್ಧನಿಗೆ ಸರಪಳಿ ಎಳೆಯೆಂದರೆ ಅದು ನ್ಯಾಯವಲ್ಲ. ಲೆಕ್ಕ ಬರೆಯುವುದು, ಹಾಯಿ ಹೊಲಿಯುವುದು, ಅಡಿಗೆ ಮಾಡುವುದು, ಮಕ್ಕಳಿಗೆ ಗಂಟು ಹಾಕಲು ಕಲಿಸುವುದು—ಇವೂ ದುಡಿಮೆಯೇ. ವಿದ್ಯುತ್ತಿನ ಕೆಲಸ, ನೀರಿನಲ್ಲಿ ಮುಳುಗುವ ಕೆಲಸಗಳನ್ನು ಬಲ್ಲವರಿಗೇ ಕೂಲಿಕೊಟ್ಟು ಒಪ್ಪಿಸುವುದು ವಿವೇಕ. ಉತ್ಸಾಹವೊಂದೇ ಏಣಿಯನ್ನು ಜಾರದಂತೆ ಹಿಡಿಯಲಾರದು.

ಇನ್ನೊಂದು ಆತಂಕ ಇದಕ್ಕಿಂತ ಆಳವಾದದ್ದು. ಮಿರರ್ ದೋಣಿಯ ಕಾಲದಲ್ಲಿ ಇಟ್ಟಿಗೆ ಹೊತ್ತು ಸಂಘದ ಮನೆ ಕಟ್ಟಿದ ತರುಣರು ಇಂದು ಮುದುಕರು. ಯಾವ ಕಲ್ಲು ಎಲ್ಲಿ ಹೂತಿದೆ, ಯಾವ ಸರಪಳಿ ಯಾವ ವರ್ಷದ್ದು, ಇಳಿಜಾರಿನ ಯಾವ ಮೂಲೆ ಕುಸಿಯುತ್ತದೆ ಎಂಬ ಜ್ಞಾನ ಅವರ ಕೈಗಳಲ್ಲಿದೆ. ಆ ಜ್ಞಾನ ಹರಿದುಬರುವುದು ಒಟ್ಟಿಗೆ ದುಡಿಯುವಾಗ ಮಾತ್ರ. ಹದಿನಾರರ ಹುಡುಗಿ ಹಗ್ಗದ ಒಂದು ತುದಿ ಹಿಡಿದು, ಎಪ್ಪತ್ತಾರರ ಅಜ್ಜ ಇನ್ನೊಂದು ತುದಿ ಹಿಡಿದಾಗ, “ಅಲ್ಲಲ್ಲ ಮಗು, ಸುತ್ತು ಈ ಕಡೆಯಿಂದ” ಎಂಬ ಒಂದು ಮಾತಿನಲ್ಲಿ ಐವತ್ತು ವರ್ಷದ ಅನುಭವ ಕೈ ದಾಟುತ್ತದೆ. ದಂಡದ ಹಣಕ್ಕೆ ರಸೀತಿ ದೊರೆಯಬಹುದು. ಈ ಮಾತು ದೊರೆಯುವುದಿಲ್ಲ.

ನವೆಂಬರಿನ ಒಂದು ರಾತ್ರಿ ಗಾಳಿ ಎದ್ದಿತೆನ್ನಿ. ತನ್ನ ದೋಣಿಯನ್ನು ಚಳಿಗಾಲಕ್ಕೂ ನೀರಿನಲ್ಲಿಯೇ ಬಿಟ್ಟವನು ಪಟ್ಟಣದ ಮನೆಯಲ್ಲಿ ಮಲಗಿ, ಕಿಟಕಿಯ ಗಾಜು ನಡುಗುವುದನ್ನು ಕೇಳುತ್ತಾನೆ. ಈಗ ಹೋಗಿ ಮಾಡಬಹುದಾದದ್ದು ಏನೂ ಇಲ್ಲ. ಮಾಡಬೇಕಾದುದನ್ನು ಮಾರ್ಚಿಯಲ್ಲಿಯೇ ಯಾರೋ ಮಾಡಿ ಮುಗಿಸಿದ್ದಾರೆ: ತನಗೆ ನೆಂಟನಲ್ಲದ, ತನ್ನಿಂದ ಬಿಡಿಗಾಸನ್ನೂ ಪಡೆಯದ ಒಬ್ಬಾತ, ಮರಗಟ್ಟಿದ ಬೆರಳುಗಳಿಂದ, ಕತ್ತಲ ನೀರಿನಲ್ಲಿ ಇನ್ನಾರೂ ನೋಡದ ಕೊಂಡಿಯೊಂದಕ್ಕೆ ಎರಡು ನಿಮಿಷ ಹೆಚ್ಚು ಕಾಲ ಕೊಟ್ಟು ತಂತಿ ಸುತ್ತಿದ್ದಾನೆ. ದೋಣಿಯ ಒಡೆಯ ಮಗ್ಗುಲು ಬದಲಿಸಿ ನಿದ್ದೆಹೋಗುತ್ತಾನೆ. ಸಂಘವೆಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ಬೇರೊಂದು ಬೇಕಾಗಿಲ್ಲ.