ಫೋಟೊದಲ್ಲಿ ಹಿಗ್ಗುವ ಕೋಣೆ

ಶಾಮನೂರು ರಸ್ತೆಯ ಆಸುಪಾಸಿನಲ್ಲಿ ಬಾಡಿಗೆ ಕೋಣೆ ಹುಡುಕಿದವರಿಗೆ ಹತ್ತಡಿಗೆ ಹತ್ತಡಿ ಎಂದರೆ ಎಷ್ಟೆಂದು ಗೊತ್ತು. ಎರಡು ಮಂಚ, ಒಂದು ಮೇಜು ಹಾಕಿದರೆ ಓಡಾಡಲು ಜಾಗವಿಲ್ಲ. ಅದೇ ಕೋಣೆ ಜಾಹೀರಾತಿನ ಫೋಟೊದಲ್ಲಿ ಕಲ್ಯಾಣ ಮಂಟಪ! ಮೊಬೈಲ್ ಕ್ಯಾಮೆರಾವನ್ನು 0.5ಕ್ಕೆ ಇಟ್ಟು ಮೂಲೆಯಲ್ಲಿ ನಿಂತು ತೆಗೆದರೆ ಸಾಕು, ಎದುರಿನ ಗೋಡೆ ದೂರ ಸರಿದುಬಿಡುತ್ತದೆ.

ಜಾಗ ಹಿಗ್ಗಿಸಿ ತೋರಿಸುವ ವಿದ್ಯೆ ದಾವಣಗೆರೆಗೆ ಹೊಸದೇನಲ್ಲ. ಇದು ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ವೃತ್ತಿ ನಾಟಕ ಕಂಪನಿಗಳ ಪರದೆಯ ಮೇಲಿನ ರಾಜಬೀದಿಯನ್ನು ನೆನಪಿಸಿಕೊಳ್ಳಿ. ಎರಡೂ ಬದಿಯ ಮನೆಗಳು ಹಿಂದೆ ಹೋದಂತೆ ಗಿಡ್ಡವಾಗುತ್ತವೆ, ಗೆರೆಗಳೆಲ್ಲ ದೂರದ ಒಂದೇ ಬಿಂದುವಿನತ್ತ ಓಡುತ್ತವೆ. ಕೆಲವೇ ಅಡಿ ಆಳದ ರಂಗದ ಹಿಂದೆ ಇಡೀ ಊರು ಹುಟ್ಟುತ್ತದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ಮಸಾಚೊ 1420ರ ದಶಕದಲ್ಲಿ ಚರ್ಚಿನ ಗೋಡೆಯ ಮೇಲೆ ಕಮಾನು ಚಾವಣಿಯ ಕೋಣೆಯೊಂದನ್ನು ಬರೆದದ್ದೂ ಇದೇ ಲೆಕ್ಕದಲ್ಲಿ. ಆದರೆ ನಾಟಕದವರು ಇದು ಪರದೆ ಎಂಬುದನ್ನು ಮುಚ್ಚಿಡಲಿಲ್ಲ. ಪ್ರೇಕ್ಷಕ ಗೊತ್ತಿದ್ದೇ ಟಿಕೆಟ್ ತೆಗೆದುಕೊಂಡ.

ವಾಸಿಸುವವರು ತಮ್ಮ ಕಣ್ಣಿಗೆ ತಾವೇ ಮಾಡಿಕೊಳ್ಳುವ ಮೋಡಿಗೆ ನನ್ನ ತಕರಾರಿಲ್ಲ. ಕಿಟಕಿಯ ಎದುರಿಗೆ ಕನ್ನಡಿ ತೂಗುಹಾಕಿದರೆ ಬೆಳಕೂ ಹೊರಗಿನ ನೋಟವೂ ಇಮ್ಮಡಿ. ಇಕ್ಕಟ್ಟಾದ ಕಟಿಂಗ್ ಶಾಪುಗಳಲ್ಲಿ ಎದುರುಬದುರು ಕನ್ನಡಿ ಮಾಡುವ ಕೆಲಸ ನೋಡಿಲ್ಲವೇ? ಗೋಡೆಗೂ ಚಾವಣಿಗೂ ಒಂದೇ ತಿಳಿ ಬಣ್ಣ ಬಳಿದರೆ ಮೂಲೆಯ ಗೆರೆ ಮಾಸಿ ಕೋಣೆ ಎತ್ತರ ಕಾಣುತ್ತದೆ. ಮಂಚದ ಕೆಳಗಿನ ನೆಲ ಕಂಡಷ್ಟೂ ಕೋಣೆ ದೊಡ್ಡದು ಎನ್ನುತ್ತಾರೆ. ನಮ್ಮ ಸಂಸಾರವೆಲ್ಲ ಇರುವುದೇ ಅಲ್ಲಿ, ಏನು ಮಾಡುವುದು?

ಅದೇ ಮೋಡಿ ಮಾರುವವರ ಕೈಗೆ ಹೋದಾಗ ಕಾಸು ಕಳೆದುಕೊಳ್ಳುವುದು ನಾವು. ಫ್ಲಾಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನೆಂದು ಸ್ಪಷ್ಟವಾಗಿ ಹೇಳಿದೆ: ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ಬಳಸಲು ಸಿಗುವ ನೆಲ. ತಿಂಗಳ ಬಾಡಿಗೆಯ ಕೋಣೆ ಹುಡುಕುವವರು ಮಾತ್ರ ಫೋಟೊ ನಂಬಿ ಮುಂಗಡ ಕಳಿಸುತ್ತಾರೆ. ಫೋಟೊದ ಕೆಳಗೆ ಉದ್ದ, ಅಗಲ ಬರೆಯಲು ಎರಡು ಅಂಕಿ ಸಾಕಲ್ಲವೇ? ಒಳಾಂಗಣ ವಿನ್ಯಾಸ ಓದುತ್ತಿರುವ ಗೆಳೆಯರೂ ನಾಳೆ ಬಿಲ್ಡರ್‌ಗೆ ಚಿತ್ರ ಮಾಡಿಕೊಡುವಾಗ ಅಳತೆಯ ನಕ್ಷೆಯನ್ನು ಜೊತೆಗಿಡಬೇಕು, ನಿಜವಾದ ಅಳತೆಯ ಮಂಚವನ್ನೇ ಹಾಕಬೇಕು.

ಅಲ್ಲಿಯವರೆಗೆ ಫೋಟೊದಲ್ಲಿ ನೆಲದ ಟೈಲ್ಸ್ ಎಣಿಸಿ. ಲೆನ್ಸ್ ಗೋಡೆಯನ್ನು ಎಷ್ಟು ಎಳೆದರೂ ಟೈಲ್ಸ್ ಸಂಖ್ಯೆ ಹೆಚ್ಚುವುದಿಲ್ಲ. ಒಂದು ಟೈಲ್ಸ್ ಎಷ್ಟು ಅಡಿಯದೆಂದು ಮಾಲೀಕರನ್ನೇ ಕೇಳಿ. ಎರಡಡಿಯದಾಗಿದ್ದು, ಉದ್ದಕ್ಕೆ ಐದು, ಅಡ್ಡಕ್ಕೆ ನಾಲ್ಕು ಬಂದರೆ ಕೋಣೆ ಹತ್ತಕ್ಕೆ ಎಂಟು ಅಷ್ಟೇ.