ಹೊಗಳಿಕೆಯೊಂದೇ ಸಾಲದು

ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗಳಲ್ಲಿ ಊರ ಹೊರಗೋ ಕೆರೆಯ ಏರಿಯ ಬಳಿಯೋ ನಿಂತಿರುವ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದರೆ, ಮೊದಲ ಪಟ್ಟಿಕೆಯಲ್ಲಿ ಕಾದಿ ಮಡಿಯುವ ಗಂಡಸೂ, ನಡುವಣದರಲ್ಲಿ ಅವನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರೂ, ತುದಿಯಲ್ಲಿ ಶಿವಸಾನ್ನಿಧ್ಯವೂ ಕಾಣುವುದುಂಟು. ಅಲ್ಲಿ ಹೆಣ್ಣಿಗೆ ಸಂದಿರುವುದು ಯೋಧನ ಪುಣ್ಯಫಲವೆಂಬ ಸ್ಥಾನ. ಅವಳದೇ ಆದ ಕಲ್ಲೆಂದರೆ ಮಾಸ್ತಿಗಲ್ಲು: ಮೇಲೆತ್ತಿದ ಕೈ, ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು, ಪತಿಯ ಹಿಂದೆ ಪ್ರಾಣ ಬಿಟ್ಟುದೇ ಅವಳ ಧೈರ್ಯಕ್ಕೆ ಪ್ರಮಾಣ. ಮಡಿದ ಭಟನ ಮನೆತನಕ್ಕೆ ನೆತ್ತರುಗೊಡಗೆಯೆಂದು ಭೂಮಿ ಬಿಡುವ ಪದ್ಧತಿಯಿದ್ದಿತು. ಹೀಗೆ ಖಡ್ಗ ಹಿಡಿದ ಕೈಯಿಂದ ಮನೆಗೆ ಭೂಮಿ ಬಂದರೆ, ಬಳೆ ತೊಟ್ಟ ಕೈಗೆ ಪೂಜೆಯಷ್ಟೇ ದಕ್ಕಿತು.

ಸ್ತ್ರೀಯರಲ್ಲಿ ಶೌರ್ಯದ ಅಭಾವವಿತ್ತೆಂದು ಇದರಿಂದ ಊಹಿಸುವುದು ಚರಿತ್ರೆಗೆ ಬಗೆಯುವ ಅಪಚಾರ. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ. 1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿದವಳು ಕಿತ್ತೂರಿನ ಚೆನ್ನಮ್ಮ. ಆದರೆ ಇಂಥವರನ್ನು ಅಸಾಮಾನ್ಯರೆಂದು ಕೊಂಡಾಡುತ್ತಲೇ ಸಾಮಾನ್ಯ ಹೆಣ್ಣಿಗೆ ಸೇನೆಯ ಸಂಬಳ, ಪದವಿ, ಅಧಿಕಾರಗಳನ್ನು ನಿರಾಕರಿಸುವ ಜಾಣ್ಮೆ ನಮ್ಮ ಸಮಾಜಕ್ಕೆ ಸಿದ್ಧಿಸಿದೆ.

1992ರಿಂದ ಭೂಸೇನೆಯ ಹಲವು ವಿಭಾಗಗಳಲ್ಲಿ ಮಹಿಳಾ ಅಧಿಕಾರಿಗಳಿದ್ದರೂ, ಅವರಲ್ಲಿ ಬಹುಪಾಲಿನವರ ಸೇವೆ 14 ವರ್ಷಕ್ಕೆ ಮುಗಿಯುತ್ತಿತ್ತು. ಪಿಂಚಣಿಗೋ 20 ವರ್ಷ ಬೇಕು. ಈ ಅನ್ಯಾಯವನ್ನು ಸುಪ್ರೀಂ ಕೋರ್ಟು 2020ರ ಫೆಬ್ರವರಿ 17ರಂದು ತಿದ್ದುವುದಕ್ಕೆ ಮುನ್ನ, ಗ್ರಾಮೀಣ ಹಿನ್ನೆಲೆಯ ಜವಾನರ ಮನಸ್ಸು ಸ್ತ್ರೀಯ ಆಜ್ಞೆಯನ್ನು ಒಪ್ಪುವಷ್ಟು ಪಳಗಿಲ್ಲವೆಂದು ಸರ್ಕಾರ ಅಲ್ಲಿ ವಾದಿಸಿತ್ತು. ಹಳ್ಳಿಗರ ತಲೆಗೆ ಕಟ್ಟಿದ ಈ ಅಪವಾದವನ್ನು ಹಳ್ಳಿಗರೇ ಅಲ್ಲಗಳೆಯಬೇಕು. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವ ನಮ್ಮ ಪಂಚಾಯಿತಿಗಳಲ್ಲಿ, ಹೆಂಡತಿಯ ಹೆಸರಿನಲ್ಲಿ ಗಂಡನೇ ದರ್ಬಾರು ನಡೆಸುವ ಉದಾಹರಣೆಗಳು ಇಲ್ಲವೆಂದಲ್ಲ. ಆದರೂ ನಲ್ಲಿನೀರಿಗೂ ಬೀದಿದೀಪಕ್ಕೂ ಅಧ್ಯಕ್ಷೆಯ ಮುಂದೆ ಅರ್ಜಿ ಹಿಡಿದು ನಿಂತ ರೈತನಿಗೆ ಮಾನಹಾನಿಯಾದಂತೆ ತೋರಿಲ್ಲ. ಮನೆಯಲ್ಲಿ ಅವನು ಕಲಿಯದ ಪಾಠವನ್ನು ಆ ಕುರ್ಚಿ ಕಲಿಸಿತು.

2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರು ತರಬೇತಿ ಮುಗಿಸಿ ಹೊರಬಂದರು. ಪದಾತಿದಳದ ಬಾಗಿಲು ಮಾತ್ರ ಇನ್ನೂ ಮುಚ್ಚಿದೆ. ದೇಹಬಲವೇ ಅಡ್ಡಿಯೆನ್ನುವುದಾದರೆ, ಕೆಲಸಕ್ಕೆ ತಕ್ಕ ಪರೀಕ್ಷೆಯೊಂದನ್ನು ಗೊತ್ತುಮಾಡಿ ಗಂಡುಹೆಣ್ಣೆನ್ನದೆ ಎಲ್ಲರಿಗೂ ಅದನ್ನೇ ಒಡ್ಡಲಿ. ಗೆದ್ದವರಿಗೆ ಕೆಲಸ ಸಲ್ಲಲಿ, ಸೋತವರು ಹಿಂದಿರುಗಲಿ. ಪರೀಕ್ಷೆಗೆ ಕೂರುವ ಮೊದಲೇ ಹೆಣ್ಣನ್ನು ಅನುತ್ತೀರ್ಣಳೆಂದು ಸಾರುವುದು ನ್ಯಾಯವಲ್ಲ.